ಕೆಸೋರ್ ಅಕ್ಕೋರು ಕೊಟ್ಟ ಮಾತು

ಆ ಬೇಸಿಗೆಯಲ್ಲಿ ಫ್ನೋಮ್ ಪೆನ್ ಊರಿನ ಹೊರಗೆ, ನದಿಯ ದಂಡೆಯುದ್ದಕ್ಕೂ, ಜನ ತಾಳೆಗರಿಯ ಮರೆ ಕಟ್ಟಿಕೊಂಡು ಬಿದ್ದುಕೊಂಡಿದ್ದರು. 'ಸಂಘಟನೆ' ಎಂಬ ಹೆಸರಿನಲ್ಲಿ ನಾಲ್ಕು ವರ್ಷ ದೇಶ ಆಳಿದ ಕಪ್ಪು ಬಟ್ಟೆಯವರು ಕಾಡಿಗೆ ಓಡಿಹೋಗಿದ್ದರು. ವಿಯೆಟ್ನಾಮಿನ ಸೈನಿಕರು ಊರೊಳಗಿದ್ದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ದಿನಾ ಒಂದು ಜೀಪು ಬಂದು ಮೈಕಿನಲ್ಲಿ ಕೂಗಿ ಹೋಗುತ್ತಿತ್ತು: "ಓದಿದವರು ಮುಂದೆ ಬನ್ನಿ. ಮೇಷ್ಟ್ರುಗಳು, ಡಾಕ್ಟರುಗಳು, ಇಂಜಿನಿಯರುಗಳು ಯಾರೇ ಇದ್ರೂ ಮುಂದೆ ಬನ್ನಿ. ದೇಶ ಕಟ್ಟೋಕೆ ನೀವು ಬೇಕು."

ಯಾರೂ ಮುಂದೆ ಬರುತ್ತಿರಲಿಲ್ಲ. ಜೀಪಿನ ಸದ್ದು ಕೇಳಿದರೆ ಕೆಲವರು ಗದ್ದೆ ಕಡೆಗೆ ನಡೆದುಬಿಡುತ್ತಿದ್ದರು. ಉಳಿದವರು ಒಲೆ ಊದುತ್ತ ತಲೆ ತಗ್ಗಿಸುತ್ತಿದ್ದರು.

ಕೆಸೋರ್ ಕೂಡ ತಲೆ ತಗ್ಗಿಸಿ ಕೂತಿರುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಊರಿನಿಂದ ಜನರನ್ನೆಲ್ಲ ಹೊರಗಟ್ಟಿದಾಗ ಸಂಘಟನೆಯ ಹುಡುಗರು ಕೂಗಿದ್ದೂ ಇದೇ ಮಾತು. ಅವಳ ಗಂಡ ಡಾಕ್ಟರು. "ಆಸ್ಪತ್ರೆ ಖಾಲಿ ಮಾಡ್ಸಿದಾರೆ, ರೋಗಿಗಳು ರಸ್ತೇಲಿ ಬಿದ್ದಿದಾರೆ, ನಾನು ಸುಮ್ನೆ ಕೂತ್ಕೊಳ್ಳೋದು ಹೇಗೆ ಕೆಸೋರ್?" ಎಂದು ಎದ್ದು ಹೋಗಿ ಲಾರಿ ಹತ್ತಿದ. ಆ ಲಾರಿ ಹತ್ತಿದವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. ಅವಳ ಸರದಿ ಬಂದು, "ನೀನೇನು ಮಾಡ್ಕೊಂಡಿದ್ದೆ?" ಎಂದು ಕೇಳಿದಾಗ, "ತಾಳೆಬೆಲ್ಲ ಕಾಯಿಸ್ತಿದ್ದೆ" ಎಂದಳು. ಫ್ರಾನ್ಸಿನಲ್ಲಿ ರಸಾಯನಶಾಸ್ತ್ರ ಓದಿ ಡಾಕ್ಟರೇಟು ಪಡೆದು ಬಂದು, ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷ ಪಾಠ ಹೇಳಿದ್ದ ಹೆಂಗಸು ಅವಳು. ಬೆಲ್ಲ ಕಾಯಿಸುವುದು ಗೊತ್ತಿರಲಿಲ್ಲ. ಕಲಿತಳು. ಸೊಂಟದ ತನಕ ನೀರಿನಲ್ಲಿ ನಿಂತು ಕಾಲುವೆ ತೋಡುವುದನ್ನೂ ಕಲಿತಳು. ಎರಡನೆಯ ಮಳೆಗಾಲದಲ್ಲಿ ಮಗ ಭೇದಿಯಾಗಿ ತೀರಿಕೊಂಡ. ಅವನಿಗೆ ಆರು ವರ್ಷ. ಕುದಿಸಿದ ನೀರಿಗೆ ಉಪ್ಪು, ಬೆಲ್ಲ ಬೆರೆಸಿ ಕುಡಿಸಿದರೆ ಉಳಿಯುತ್ತಾನೆಂದು ಅವಳಿಗೆ ಗೊತ್ತಿತ್ತು. ಬೆಲ್ಲ ಕಾಯಿಸುವ ಹೆಂಗಸಿಗೆ ಒಂದು ಹಿಡಿ ಬೆಲ್ಲ ಮನೆಗೆ ಒಯ್ಯುವ ಹಕ್ಕು ಇರಲಿಲ್ಲ.

ಕೊನೆಗೆ ಹೊಟ್ಟೆಯೇ ಅವಳನ್ನು ಹೊರಗೆಳೆಯಿತು. ದಂಡೆಯ ಆಚೆ ಸುಲಿಗೆಯಾದ ಒಂದು ದವಾಖಾನೆ ಇತ್ತು. ಅಲ್ಲಿ ಕಾಸ್ಟಿಕ್ ಸೋಡಾ ಸಿಕ್ಕರೆ ತೆಂಗಿನೆಣ್ಣೆ ಸೇರಿಸಿ ಸಾಬೂನು ಮಾಡಬಹುದು, ಸಾಬೂನು ಕೊಟ್ಟರೆ ಅಕ್ಕಿ ಸಿಗುತ್ತದೆ ಎಂದು ಹೋದಳು. ಚೀಟಿ ಕಿತ್ತುಹೋದ ಬಾಟಲಿಗಳು ಮೂಲೆಯಲ್ಲಿ ಬಿದ್ದಿದ್ದವು. ಒಂದೊಂದನ್ನೇ ತೆಗೆದು ನೋಡುತ್ತಿರುವಾಗ ಹಿಂದಿನಿಂದ ಯಾರೋ ಕೆಮ್ಮಿದರು.

ಬಾಗಿಲಲ್ಲಿ ಐವತ್ತರ ಆಸುಪಾಸಿನ ತೆಳ್ಳಗಿನ ಗಂಡಸು ನಿಂತಿದ್ದ. ಹೆಗಲ ಮೇಲೆ ಚೌಕುಳಿ ಟವೆಲ್ಲು, ಕಾಲಿಗೆ ಟಯರಿನ ಚಪ್ಪಲಿ.

"ನೀವು ಯಾರಮ್ಮ?"

"ತಾಳೆಬೆಲ್ಲ ಕಾಯಿಸೋಳು."

"ಹೌದಾ? ಬೆಲ್ಲ ಕಾಯಿಸೋರು ಬಾಟಲಿ ಮುಚ್ಚಳ ತೆಗೆದ್ರೆ ಮೂಗು ಒಳಗೇ ತೂರಿಸ್ತಾರೆ. ನೀವು ದೂರ ಹಿಡ್ಕೊಂಡು ಕೈಯಿಂದ ಗಾಳಿ ಬೀಸ್ಕೊಂಡು ಮೂಸಿದ್ರಿ." ಅವನು ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತ. "ನಾನು ಮಿಯಾಸ್ ಹೊನ್. ಮುಂಚೆ ಶಾಲೆ ಇನ್ಸ್‌ಪೆಕ್ಟರ್ ಆಗಿದ್ದೆ. ನನ್ನನ್ನೂ ಕೇಳಿದ್ರು. ಬಾತುಕೋಳಿ ಕಾಯ್ತಿದ್ದೆ ಅಂದೆ. ನಾಲ್ಕು ವರ್ಷ ಬಾತುಕೋಳೀನೇ ಕಾದೆ. ಹೆದರಬೇಡಿ. ಶಿಕ್ಷಣ ಇಲಾಖೆ ಅಂತ ಒಂದು ಶುರುವಾಗಿದೆ. ಒಂದು ಮೇಜಿದೆ, ಮೂರು ಜನ ಇದೀವಿ. ತಿಂಗಳಿಗೆ ಅಕ್ಕಿ ಕೊಡ್ತಾರೆ."

ಕೆಸೋರ್ ಬಾಟಲಿ ಕೆಳಗಿಟ್ಟಳು. ಅಳು ಬರುತ್ತದೆಂದುಕೊಂಡಳು, ಬರಲಿಲ್ಲ.

"ಎಷ್ಟು ಅಕ್ಕಿ?" ಎಂದಳು.

ಹೀಗೆ ಅವಳು ಇಲಾಖೆಗೆ ಸೇರಿದಳು. ಮೊದಲ ತಿಂಗಳು ಅವಳು ಮಾಡಿದ್ದು ಸೀಮೆಸುಣ್ಣ. ಸುಟ್ಟ ಸುಣ್ಣ, ಗೋಡೆಯ ಗಾರೆ, ಗಂಜಿ ಕಲಸಿ ಬಿದಿರಿನ ಕೊಳವೆಯಲ್ಲಿ ತುಂಬಿ ಒಣಗಿಸುವುದು. ಆಮೇಲೆ ಮಸಿ. ಆಮೇಲೆ ಅನಾಥ ಮಕ್ಕಳ ತಲೆಹೇನಿಗೆ ಬೂದಿಯ ಸಾಬೂನು. ಅವಳು ಪಾಠ ಹೇಳುತ್ತಿದ್ದ ಪ್ರಯೋಗಶಾಲೆಯಲ್ಲಿ ಸಂಘಟನೆಯವರು ಹಂದಿ ಸಾಕಿದ್ದರು. ಅಳತೆಯ ಗಾಜಿನ ಪಾತ್ರೆಗಳಲ್ಲಿ ಮೀನಿನ ಉಪ್ಪುನೀರು ತುಂಬಿಟ್ಟಿದ್ದರು. ಪುಸ್ತಕಗಳು ಒಲೆಗೆ ಹೋಗಿದ್ದವು. ಅವಳು ಹಳೆಯ ಸಿಗರೇಟು ಪೊಟ್ಟಣಗಳ ಒಳಬದಿಯಲ್ಲಿ ಹೈಸ್ಕೂಲಿನ ರಸಾಯನಶಾಸ್ತ್ರದ ಪಠ್ಯವನ್ನು ನೆನಪಿನಿಂದಲೇ ಬರೆದಳು. ಕೈಗೆ ಸಿಗದ ಯಾವ ವಸ್ತುವಿನ ಹೆಸರೂ ಅದರಲ್ಲಿ ಇರಕೂಡದು ಎಂದು ಹಟ ಹಿಡಿದಳು. ಹುಳಿ ಎಂದರೆ ಹುಣಸೆ, ಕ್ಷಾರ ಎಂದರೆ ಬಾಳೆದಿಂಡಿನ ಬೂದಿ, ಎರಡನ್ನೂ ಗುರುತಿಸಲಿಕ್ಕೆ ಬೇಲಿಯ ಶಂಖಪುಷ್ಪ. ಸಲಹೆಗೆಂದು ಬಂದ ವಿದೇಶಿ ತಜ್ಞರು, ಮೇಲಿನ ತರಗತಿಗಳನ್ನು ತಮ್ಮ ಭಾಷೆಯಲ್ಲೇ ನಡೆಸೋಣ, ಪುಸ್ತಕ ತಾವೇ ಕೊಡುತ್ತೇವೆ ಎಂದರು. "ನಮ್ಮ ಮಕ್ಕಳ ಅಪ್ಪ ಅಮ್ಮ ಹೋಗಿದ್ದಾರೆ. ಮಾತು ಒಂದು ಉಳ್ಕೊಂಡಿದೆ. ಅದನ್ನ ಬಿಡಲ್ಲ" ಎಂದಳು. ದುಭಾಷಿ ಅದನ್ನು ಹೇಗೆ ಹೇಳಿದನೋ, ಅವರು ಒಪ್ಪಿದರು. ಹೊಸ ದೇಶದ ಶಿಕ್ಷಣ ನೀತಿ ಎಂಬುದು ಹೀಗೆ, ಮುರುಕು ಮೇಜಿನ ಮೇಲೆ ಒಬ್ಬ ಬಾತುಕೋಳಿ ಕಾಯುವವನೂ ಒಬ್ಬ ಬೆಲ್ಲದ ಹೆಂಗಸೂ ಸೇರಿ ಮಾಡಿದ್ದು.

ಆದರೆ ಕಲಿಸಲು ಜನ ಎಲ್ಲಿ? ಸತ್ತವರು ಸತ್ತಿದ್ದರು, ಬದುಕಿದವರು ಬಾಯಿ ಬಿಡುತ್ತಿರಲಿಲ್ಲ. ಮೈಕಿನಿಂದ ಆಗುವ ಕೆಲಸವಲ್ಲ ಎಂದು ಕೆಸೋರ್ ಹೊನ್‌ನನ್ನು ಕರೆದುಕೊಂಡು ಜೀಪಿನಲ್ಲಿ ಹಳ್ಳಿ ಹಳ್ಳಿ ತಿರುಗಿದಳು. ಎಲ್ಲ ಕಡೆ ಒಂದೇ ಉತ್ತರ: "ಇಲ್ಲಿ ಓದಿದವರು ಯಾರೂ ಇಲ್ಲ ಅಕ್ಕೋರೇ."

ಪ್ರೇಯ್ ವೆಂಗ್ ಕಡೆಯ ಒಂದು ಹಳ್ಳಿಯಲ್ಲಿ, ಬಾವಿಕಟ್ಟೆಯ ಬಳಿ ಎತ್ತಿಗೆ ನೀರು ತೋರಿಸುತ್ತಿದ್ದ ಗಾಡಿಯವನನ್ನು ಕಂಡು ಅವಳು ನಿಂತುಬಿಟ್ಟಳು. ವಿಸೋತ್. ಕೊನೆಯ ವರ್ಷದ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು, ಅವಳ ಲೆಕ್ಕದಲ್ಲೇ ತಪ್ಪು ಹುಡುಕುತ್ತಿದ್ದ ಹುಡುಗ.

"ವಿಸೋತ್" ಎಂದಳು.

ಅವನು ಹಗ್ಗ ಸುತ್ತುತ್ತಲೇ ಇದ್ದ. "ಯಾರನ್ನ ಹುಡುಕ್ತಿದೀರಿ? ನಾನು ಗಾಡಿ ಹೊಡೆಯೋನು."

ಪಕ್ಕದಲ್ಲಿ ಕೊಡ ಹಿಡಿದುಕೊಂಡಿದ್ದ ಬಸುರಿ ಹೆಂಗಸು ನಕ್ಕಳು. ಅವನ ಹೆಂಡತಿ, ಚಾಂಥೂ. ಸಂಘಟನೆಯವರು ಸಾಲಾಗಿ ನಿಲ್ಲಿಸಿ ಹತ್ತಾರು ಜೋಡಿಗಳಿಗೆ ಒಂದೇ ಮಧ್ಯಾಹ್ನ ಮದುವೆ ಮಾಡಿದಾಗ ಇವನ ಪಾಲಿಗೆ ಬಂದವಳು. "ಓದಿದೋನಾ ಇವನು? ನೋಡಿ ಅಕ್ಕೋರೇ, ಇವನು ತನ್ನ ಹೆಸರು ಬರೆದ ದಿನ ನಮ್ಮ ಎಮ್ಮೆ ಮಂತ್ರ ಹೇಳತ್ತೆ. ರಾತ್ರಿ ಹಗಲು ನನ್ನ ಜೊತೆಗಿರೋನು, ನನಗೆ ಗೊತ್ತಿಲ್ವಾ?"

ಕೆಸೋರ್ ಒತ್ತಾಯಿಸಲಿಲ್ಲ. ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು, ಎಲ್ಲ ಹಳ್ಳಿಯಲ್ಲೂ ಮಾಡುವಂತೆ, ಶಂಖಪುಷ್ಪವನ್ನು ಕಿವುಚಿ ನೀಲಿ ನೀರು ಮಾಡಿದಳು. ನಿಂಬೆ ಹಿಂಡಿದಳು, ಕೆಂಪಗಾಯಿತು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಬೂದಿಯ ತಿಳಿಯನ್ನು ತೊಟ್ಟು ತೊಟ್ಟಾಗಿ ಬಿಟ್ಟಳು, ಮತ್ತೆ ನೀಲಿಯಾಯಿತು.

"ಯಾಕೆ ಹೀಗಾಯ್ತು ಹೇಳಿ?"

"ಹೂವಿನ ದೆವ್ವ ಇರ್ಬೇಕು" ಎಂದ ಒಬ್ಬ ಮುದುಕ. ಎಲ್ಲರೂ ನಕ್ಕರು.

"ದೆವ್ವ ಅಲ್ಲ ಅಜ್ಜ. ಹುಳಿಯನ್ನ ಬೂದಿನೀರು ತಿಂದು ಹಾಕಿತು. ಎರಡೂ ಸಮ ಆದ ಕೂಡ್ಲೇ ಮೊದಲಿನ ಬಣ್ಣ ಬಂತು. ಇನ್ನೂ ಹಾಕಿದ್ರೆ ಹಸಿರಾಗತ್ತೆ." ಮಾತು ಬಂದದ್ದು ಹಿಂದಿನಿಂದ. ಹೇಳಿ ಮುಗಿಸಿದ ಮೇಲೆಯೇ ವಿಸೋತ್‌ಗೆ ತಾನು ಮಾತಾಡಿದ್ದು ಗೊತ್ತಾದಂತಿತ್ತು.

ಚಾಂಥೂ ಗಂಡನನ್ನು ನೋಡಿದಳು. ನಗು ಮುಖದ ಮೇಲೆ ಇನ್ನೂ ಉಳಿದಿತ್ತು, ಕಣ್ಣಿನಲ್ಲಿರಲಿಲ್ಲ.

"ನಿನಗೆ ಓದಕ್ಕೆ ಬರತ್ತಾ?"

ಅವನು ತಿರುಗಿ ಎತ್ತಿನ ಕಡೆ ಹೆಜ್ಜೆ ಹಾಕಿದ.

"ನಮ್ಮಪ್ಪ ಬರೆದಿಟ್ಟಿದ್ದ ಚೀಟಿ ತೋರಿಸಿ ಏನಿದೆ ಇದರಲ್ಲಿ ಅಂತ ಅತ್ತಾಗ, ಗೊತ್ತಿಲ್ಲ ಅಂದ್ಯಲ್ಲೋ."

"ಹೇಳಿದ್ರೆ ನೀನೂ ಸಾಯ್ತಿದ್ದೆ" ಎಂದ ಅವನು.

ಸಂಜೆ ಜೀಪು ಹೊರಡುವ ಹೊತ್ತಿಗೆ ಗಂಡಹೆಂಡಿರಿಬ್ಬರೂ ಬಂದು ನಿಂತರು. ಮಾತಾಡಿದವಳು ಚಾಂಥೂ. "ಇವನಿಗೆ ಆಸೆ ಇದೆ. ಮಧ್ಯಾಹ್ನ ಪೂರ್ತಿ ಆ ಹೂವನ್ನೇ ಕಿವುಚ್ತಾ ಕೂತಿದ್ದ. ನಾನು ಬೇಡ ಅನ್ನಲ್ಲ. ಆದರೆ ಇವನ ಮಾತು ಇನ್ನು ನಾನು ನಂಬಲ್ಲ. ನೀವು ಹೇಳಿ ಅಕ್ಕೋರೇ. ಓದಿದೋನು ಅಂತ ಊರಿಗೆಲ್ಲ ಗೊತ್ತಾದ್ರೆ ಇವನಿಗೆ ಏನೂ ಆಗಲ್ವಾ?"

"ಏನೂ ಆಗಲ್ಲಮ್ಮ" ಎಂದಳು ಕೆಸೋರ್. "ನಾನಿದ್ದೀನಲ್ಲ."

ಆ ಮಾತನ್ನು ಹೇಳುವಾಗ ಅವಳಿಗೆ ಅದು ಸುಳ್ಳೆನಿಸಲಿಲ್ಲ, ದೊಡ್ಡದೆಂದೂ ಅನಿಸಲಿಲ್ಲ. ಜೀಪಿನಲ್ಲಿ ಜಾಗ ಮಾಡಿಕೊಟ್ಟಳು.

ವಿಜ್ಞಾನ ಕಾಲೇಜು ಮತ್ತೆ ತೆರೆದಾಗ ವಿಸೋತ್ ಅಲ್ಲಿನ ಮೊದಲ ಮೇಷ್ಟ್ರು. ಕಿಟಕಿಗೆ ಗಾಜಿರಲಿಲ್ಲ, ಮಳೆ ಬಂದರೆ ಹುಡುಗರು ಬೆಂಚು ಎತ್ತಿಕೊಂಡು ಗೋಡೆಗೆ ಒತ್ತುತ್ತಿದ್ದರು, ಅವನ ಪಾಠ ನಿಲ್ಲುತ್ತಿರಲಿಲ್ಲ. ಅವನೂ ಕೆಸೋರಳೂ ಸೇರಿ ಒಂದೊಂದು ಪಾರಿಭಾಷಿಕ ಪದಕ್ಕೂ ಜಗಳವಾಡಿ ಖ್ಮೇರ್ ಮಾತು ಕಟ್ಟಿದರು. ಅವನು ದಿನಬಳಕೆಯ ಪದ ಬೇಕೆನ್ನುವನು, ಅವಳು ಪಾಲಿ ಭಾಷೆಯಿಂದ ತರುವಳು. "ನಿಮ್ಮ ಪದ ಬಾಯಲ್ಲಿ ಇಟ್ಕೊಂಡು ಹುಡುಗರು ಬೌದ್ಧ ಭಿಕ್ಷುಗಳಾಗ್ತಾರೆ ಅಕ್ಕೋರೇ, ಕೆಮಿಸ್ಟ್ ಆಗಲ್ಲ" ಎನ್ನುವನು. ಅವಳು ಆ ವರ್ಷಗಳಲ್ಲಿ ನಕ್ಕಿದ್ದರೆ ಅವನ ಮಾತಿಗೇ. ಚಾಂಥೂಗೆ ಹೆಣ್ಣು ಮಗು ಹುಟ್ಟಿತ್ತು. ಮೊನೀಕಾ ಎಂದು ಹೆಸರಿಟ್ಟರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಚಾಂಥೂ ಗಂಡನ ಹತ್ತಿರವೇ ಅಕ್ಷರ ಕಲಿತಳು. ಮೊದಲು ಓದಿದ್ದು ಅಪ್ಪನ ಚೀಟಿ. ಎರಡು ಕೋಳಿ ಯಾರಿಗೋ ಕೊಟ್ಟದ್ದು, ವಾಪಸು ತರಬೇಕಾದದ್ದು, ಅಷ್ಟೇ ಅದರಲ್ಲಿತ್ತು. ಅದನ್ನು ಓದಿ ಅವಳು ಒಂದು ದಿನವಿಡೀ ಅತ್ತಳು.

ಐದಾರು ವರ್ಷ ಹೀಗೆ ನಡೆಯಿತು. ಆಮೇಲೆ ಗಡಿ ಕೆಲಸ ಬಂತು.

ಸಂಘಟನೆಯವರು ಪಡುವಣ ಗಡಿಯ ಕಾಡಿನಿಂದ ಇನ್ನೂ ದಾಳಿ ಮಾಡುತ್ತಿದ್ದರು. ಕಾಡು ಕಡಿದು, ಗಡಿಯುದ್ದಕ್ಕೂ ಕಂದಕ ತೋಡಬೇಕು, ಅದಕ್ಕೆ ಪ್ರತಿ ಊರು, ಪ್ರತಿ ಕಚೇರಿ ಗಂಡಾಳುಗಳನ್ನು ಕಳಿಸಬೇಕು ಎಂದು ಮೇಲಿನಿಂದ ಆಜ್ಞೆಯಾಯಿತು. ಹೋದವರಲ್ಲಿ ಕೆಲವರು ನೆಲಬಾಂಬಿಗೆ ಕಾಲು ಕಳೆದುಕೊಂಡು ಬಂದರು. ಹಲವರು ಮಲೇರಿಯಾ ಹೊತ್ತುಕೊಂಡು ಬಂದರು. ಬಾರದವರೂ ಇದ್ದರು. ಕಾಲೇಜಿನ ಪಾಲಿಗೆ ದೊಡ್ಡ ಸಂಖ್ಯೆಯೇ ಬಂತು, ಹುಡುಗರನ್ನು ಕಳಿಸಿ ಎಂದರು.

ಆಗ ಕೆಸೋರ್ ಇಲಾಖೆಯ ಉನ್ನತ ಶಿಕ್ಷಣ ವಿಭಾಗದ ಮುಖ್ಯಸ್ಥೆ. ಸಭೆಯಲ್ಲಿ ಒಬ್ಬಳೇ ಎದ್ದು ನಿಂತಳು. ಮೇಜಿನ ಆ ಕಡೆ ಸೇನೆಯ ಅಧಿಕಾರಿಗಳಿದ್ದರು.

"ನಾನು ಕಾಲುವೆ ತೋಡಿದೋಳು" ಎಂದಳು. "ಆ ನಾಲ್ಕು ವರ್ಷ ಗಂಜಿ ನೀರು ಕುಡಿದು ಬದುಕಿದ್ವಿ. ಆಗಲೂ ನಮ್ಮ ಹಳ್ಳಿ ಮುದುಕೀರು ಬೀಜದ ಭತ್ತ ಮುಟ್ಟಲಿಲ್ಲ. ಈ ಹುಡುಗರು ಬೀಜದ ಭತ್ತ. ಇವರನ್ನ ಬೇಯಿಸಿ ತಿಂದ್ರೆ ಮುಂದಿನ ವರ್ಷ ನಿಮಗೆ ಡಾಕ್ಟರಿಲ್ಲ, ಇಂಜಿನಿಯರಿಲ್ಲ. ಯಾವ ವಿದ್ಯಾರ್ಥೀನೂ ಹೋಗಬಾರದು. ಮಂತ್ರಿ ಮಗನೂ ಹೋಗಬಾರದು, ಬೆಸ್ತರ ಮಗನೂ ಹೋಗಬಾರದು. ಅದನ್ನ ನಿಯಮ ಅಂತ ಬರೀರಿ."

ಬಹಳ ಹೊತ್ತು ವಾದವಾಯಿತು. ಕೊನೆಗೆ ಬರೆದರು. ದೇಶದ ಎಲ್ಲ ಕಾಲೇಜಿಗೂ ಅನ್ವಯಿಸಿದ ಆ ನಿಯಮ ಎಷ್ಟು ತಾಯಂದಿರ ಮಕ್ಕಳನ್ನು ಉಳಿಸಿತೆಂದು ಲೆಕ್ಕವಿಲ್ಲ. ಆದರೆ ಕಾಲೇಜು ಕಳಿಸಬೇಕಾದ ಸಂಖ್ಯೆ ಕಡಿಮೆಯಾಗಲಿಲ್ಲ. ಹುಡುಗರ ಬದಲು ನಲವತ್ತರ ಒಳಗಿನ ಮೇಷ್ಟ್ರುಗಳು ಹೋಗಬೇಕೆಂದು ಅದೇ ಹಾಳೆಯ ಕೆಳಗೆ ಸೇರಿಸಿದರು. ವಿಸೋತ್‌ಗೆ ಮೂವತ್ತೆರಡು.

ಸಭೆ ಮುಗಿದ ಮೇಲೆ ಹೊನ್ ಅವಳನ್ನು ಜಗಲಿಗೆ ಕರೆದ. ಈಗ ಅವನು ಉಪಮಂತ್ರಿ. ಬೀಡಿ ಹಚ್ಚಿಕೊಂಡು, ಯಾರೂ ಕೇಳುತ್ತಿಲ್ಲವೆಂದು ನೋಡಿಕೊಂಡು ಹೇಳಿದ. "ಕೆಸೋರ್, ನಿಮ್ಮ ಹುಡುಗನೊಬ್ಬನ್ನ ಬಿಡಿಸ್ಬಹುದು. ವಿದೇಶಿ ತಜ್ಞರಿಗೆ ಸಹಾಯಕ ಬೇಕು ಅಂತ ನಾನು ಹೇಳ್ತೀನಿ."

"ಅವನ ಬದಲು?"

"ಗಣಿತದವನು ಒಬ್ಬ ಇದಾನಲ್ಲ, ಕುಳ್ಳಗೆ. ನಾಲ್ಕು ಮಕ್ಕಳ ತಂದೆ."

"ನಾನು ಒಬ್ಬನ್ನ ಬಿಡಿಸ್ಕೊಂಡ್ರೆ ಆ ಸೇನೆಯೋರು ಸುಮ್ನಿರ್ತಾರಾ? ನಿಮ್ಮೋರನ್ನ ನೀವು ಬಿಡಿಸ್ಕೊಂಡ್ರಿ, ನಿಯಮ ಎಲ್ಲಿ ಉಳೀತು ಅಂತಾರೆ. ನಾಳೆ ಹುಡುಗರ ಕೊರಳಿಗೆ ಬರತ್ತೆ."

"ಬರಬಹುದು. ಬರದೇನೂ ಇರಬಹುದು" ಎಂದ ಹೊನ್. "ನಾನು ಇವತ್ತು ಸಂಜೆ ತನಕ ಕಚೇರೀಲಿ ಇರ್ತೀನಿ."

ಅವಳು ಆ ಸಂಜೆ ಅವನ ಕಚೇರಿಗೆ ಹೋಗಲಿಲ್ಲ.

ವಿಸೋತ್‌ಗೆ ಸುದ್ದಿಯನ್ನು ತಾನೇ ಹೇಳಿದಳು. ಅವನು ಕರಿಹಲಗೆ ಒರೆಸುತ್ತಿದ್ದವನು ಒರೆಸುವುದನ್ನು ಪೂರ್ತಿ ಮುಗಿಸಿ, ಕೈ ಕೊಡವಿ, "ಹುಡುಗರು ಯಾರೂ ಹೋಗಲ್ವಲ್ಲ?" ಎಂದು ಕೇಳಿದ.

"ಇಲ್ಲ."

"ಹಾಗಾದ್ರೆ ಸರಿ ಅಕ್ಕೋರೇ." ಒರೆಸುವ ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿ, "ಚಾಂಥೂಗೆ ನೀವು ಹೇಳಬೇಡಿ. ನಾನೇ ಹೇಳ್ತೀನಿ" ಎಂದ.

ಚಾಂಥೂ ಮರುದಿನ ಬೆಳಿಗ್ಗೆಯೇ ಕೆಸೋರಳ ಮನೆಗೆ ಬಂದಳು. ಕೂರಲಿಲ್ಲ. ಜಗಳವಾಡಲೂ ಬಂದಂತಿರಲಿಲ್ಲ.

"ನಮ್ಮ ಹಳ್ಳೀಲಿ ಗಾಡಿ ಹೊಡೀತಿದ್ದಿದ್ರೂ ಗಡಿಗೆ ಕರೀತಿದ್ರು ಅಂತಾನೆ ಅವನು. ಹೌದಾ?"

"ಕರೀಬಹುದಿತ್ತು."

"ಕರೀಬಹುದಿತ್ತು" ಎಂದಳು ಚಾಂಥೂ. "ಆದ್ರೆ ನಮ್ಮ ಹಳ್ಳೀಲಿ ಗಾಡಿಯೋರು ಬೇಕಾದಷ್ಟು ಜನ. ಕೆಮಿಸ್ಟ್ರಿ ಮೇಷ್ಟ್ರು ನಿಮ್ಮ ಕಾಲೇಜಲ್ಲಿ ಎಷ್ಟು ಜನ ಇದಾರೆ? ಒಬ್ಬನ್ನ ಬಿಡಿ ಅಂತ ಕೇಳಕ್ಕೆ ಆಗಲ್ವಾ? ನೀವು ಕೇಳಿದ್ರೆ ಬಿಡಲ್ವಾ?"

ಕೆಸೋರ್ ಸುಳ್ಳು ಹೇಳಬಹುದಿತ್ತು. "ಬಿಡ್ತಾರೆ" ಎಂದಳು. "ನಾನು ಕೇಳಲಿಲ್ಲ. ಕೇಳಿದ್ರೆ ಇನ್ನೊಬ್ಬನ್ನ ಕಳಿಸ್ತಾರೆ. ಹುಡುಗರ ನಿಯಮಾನೂ ಮುರೀತಾರೆ."

ಚಾಂಥೂ ಅವಳ ಮುಖವನ್ನೇ ನೋಡುತ್ತ ನಿಂತಳು. "ನಿಮಗೆ ಎಲ್ರ ಮಕ್ಕಳ ಚಿಂತೆ ಇದೆ. ಒಳ್ಳೇದು" ಎಂದಳು. ಅಷ್ಟು ಹೇಳಿ ಹೊರಟಳು.

ಮೂರು ತಿಂಗಳೆಂದು ಕಳಿಸಿದ್ದರು. ಐದಾಯಿತು. ಕೊನೆಗೆ ಕುಳ್ಳಗಿನ ಗಣಿತದ ಮೇಷ್ಟ್ರು ಬಂದ. ವಿಸೋತ್ ಹೋದರೂ ಅವನನ್ನು ಬಿಟ್ಟಿರಲಿಲ್ಲ, ಇಬ್ಬರನ್ನೂ ಕಳಿಸಿದ್ದರು. ಮೈ ಹಳದಿಯಾಗಿ, ಗೋಡೆ ಹಿಡಿದುಕೊಂಡು ಕಾಲೇಜಿನ ಮೆಟ್ಟಿಲು ಹತ್ತಿದ. ವಿಸೋತ್‌ಗೆ ಮಲೇರಿಯಾ ತಲೆಗೇರಿತು ಎಂದ. ಕೊನೆಯ ಎರಡು ದಿನ ವಿಸೋತ್‌ಗೆ ಎಚ್ಚರವೇ ಇರಲಿಲ್ಲ, ಕಾಡಿನಲ್ಲೇ ಸುಟ್ಟೆವು, ಸೌದೆ ಹಸಿಯಾಗಿತ್ತು ಎಂದ. ಕ್ವಿನೈನ್ ಇರಲಿಲ್ಲವೇ ಎಂದು ಕೆಸೋರ್ ಕೇಳಿದಳು. ಇತ್ತು, ಅಧಿಕಾರಿಗಳಿಗೆ ಸಾಲುವಷ್ಟಿತ್ತು ಎಂದ.

ಅವಳು ಚಾಂಥೂ ಮನೆಗೆ ಹೋದಾಗ ಬಾಗಿಲು ಹಾಕಿತ್ತು. ಒಳಗೆ ಮಗು ಮಾತಾಡುವುದು ಕೇಳುತ್ತಿತ್ತು. ಎಷ್ಟು ತಟ್ಟಿದರೂ ತೆರೆಯಲಿಲ್ಲ.

ಕಾಲ ಬದಲಾಯಿತು. ವಿಯೆಟ್ನಾಮಿನವರು ಹೋದರು, ಬಿಳಿ ಕಾರುಗಳಲ್ಲಿ ವಿಶ್ವಸಂಸ್ಥೆಯವರು ಬಂದರು, ರಾಜ ಮರಳಿದ, ಚುನಾವಣೆಯಾಯಿತು. ಕೆಸೋರ್ ಪ್ರತಿ ಸರಕಾರಕ್ಕೂ ಬೇಕಾದವಳಾಗಿಯೇ ಉಳಿದಳು. ರಾಷ್ಟ್ರೀಯ ವಿಜ್ಞಾನ ಸಮಿತಿಗೆ ಅಧ್ಯಕ್ಷೆಯಾದಳು. ಪ್ರತಿ ಜಿಲ್ಲೆಗೂ ಒಂದು ಪ್ರಯೋಗಶಾಲೆ ಎಂಬ ಯೋಜನೆ ಬರೆದಳು. ಕಟ್ಟಡಗಳು ಎದ್ದವು, ಮೇಷ್ಟ್ರುಗಳ ಸಂಬಳದಲ್ಲಿ ಹತ್ತು ದಿನದ ಅಕ್ಕಿಯೂ ಬರುತ್ತಿರಲಿಲ್ಲವಾದ್ದರಿಂದ ಅವರು ಬೆಳಿಗ್ಗೆ ಪಾಠ ಮಾಡಿ ಮಧ್ಯಾಹ್ನ ಮೋಟಾರ್ ಸೈಕಲ್ ಬಾಡಿಗೆಗೆ ಓಡಿಸಿದರು. ಪರೀಕ್ಷೆಯ ದಿನ ಶಾಲೆಯ ಗೇಟಿನ ಬಳಿ ಉತ್ತರದ ಹಾಳೆಗಳು ಮೀನಿನಂತೆ ಮಾರಾಟವಾದವು. ಅವಳು ವರದಿಯ ಮೇಲೆ ವರದಿ ಬರೆದಳು. ಎಲ್ಲರೂ ಗೌರವದಿಂದ ತೆಗೆದುಕೊಂಡರು.

ಚಾಂಥೂ ಕಾಲೇಜಿನ ಗೇಟಿನ ಎದುರೇ ಅಕ್ಕಿ ಶಾವಿಗೆ, ಮೀನಿನ ಸಾರು ಮಾರುತ್ತಿದ್ದಳು. ವರ್ಷಗಟ್ಟಲೆ ಕೆಸೋರಳ ಕಾರು ಆ ಗೇಟಿನಲ್ಲಿ ಹೋಗಿಬರುತ್ತಿತ್ತು. ಒಂದು ಬೆಳಿಗ್ಗೆ ಅವಳು ಕಾರು ನಿಲ್ಲಿಸಿ ಹೋಗಿ ಮೋಟು ಮಣೆಯ ಮೇಲೆ ಕುಳಿತಳು. ಚಾಂಥೂ ಶಾವಿಗೆಗೆ ಸಾರು ಸುರಿದು, ಬಾಳೆಹೂವು, ಸೌತೆ ಹೆಚ್ಚಿ ಹಾಕಿ, ಎರಡೂ ಕೈಯಲ್ಲಿ ಬಟ್ಟಲು ಕೊಟ್ಟಳು. "ಖಾರ ಬೇಕಾ ಅಮ್ಮಾವ್ರೇ?" ಎಂದು ಕೇಳಿದಳು. ಅಕ್ಕೋರೇ ಎನ್ನಲಿಲ್ಲ. ಅಂದಿನಿಂದ ಕೆಸೋರ್ ವಾರಕ್ಕೊಮ್ಮೆ ಹೋಗುತ್ತಿದ್ದಳು. ಖಾರ ಬೇಕೇ ಬೇಡವೇ ಎಂಬುದನ್ನು ಬಿಟ್ಟು ಅವರಿಬ್ಬರ ನಡುವೆ ಬೇರೆ ಮಾತು ನಡೆಯಲಿಲ್ಲ.

ಮಾತಾಡಿದವಳು ಮೊನೀಕಾ. ಹದಿನೇಳರ ಹುಡುಗಿ, ಅಪ್ಪನದೇ ಹುಬ್ಬು. ಮಳೆಗಾಲದ ಆರಂಭದಲ್ಲಿ ಊರಿನೊಳಗೆ ಎರಡು ಪಕ್ಷಗಳ ಸೈನ್ಯ ಬಡಿದಾಡಿಕೊಂಡು, ಎರಡು ದಿನ ಟ್ಯಾಂಕುಗಳು ಓಡಾಡಿ, ಅಂಗಡಿಗಳು ಲೂಟಿಯಾಗಿ, ಮತ್ತೆ ಎಲ್ಲ ತಣ್ಣಗಾಗಿದ್ದ ವಾರ. ಹುಡುಗಿ ಕೆಸೋರಳ ಕಚೇರಿಗೆ ಬಂದು ಕೈ ಜೋಡಿಸಿ ನಿಂತಳು.

"ಅಜ್ಜೀ, ಶಾಲೆ ಪರೀಕ್ಷೇಲಿ ಕೆಮಿಸ್ಟ್ರೀಲಿ ನಮ್ಮ ಜಿಲ್ಲೆಗೇ ನಾನು ಮೊದಲು. ಉತ್ತರ ಕೊಂಡ್ಕೊಂಡಿಲ್ಲ."

"ಗೊತ್ತು" ಎಂದಳು ಕೆಸೋರ್. ನಿಜವಾಗಿ ಗೊತ್ತಿತ್ತು. ಫಲಿತಾಂಶ ಬಂದ ದಿನವೇ ಹೆಸರು ಹುಡುಕಿ ನೋಡಿದ್ದಳು.

"ಅಮ್ಮ ಕಾಲೇಜಿಗೆ ಕಳಿಸಲ್ಲ ಅಂತಾಳೆ. ಬಟ್ಟೆ ಕಾರ್ಖಾನೇಲಿ ಹೊಲಿಗೆ ಕೆಲಸಕ್ಕೆ ಹೇಳಿಟ್ಟಿದಾಳೆ. ನೀವು ಒಂದು ಮಾತು ಹೇಳಿದ್ರೆ ಕೇಳ್ತಾಳೆ."

"ನನ್ನ ಮಾತಾ?"

"ನೀವು ಬಂದು ಹೋದ ದಿನ ಅಮ್ಮ ಊಟ ಮಾಡಲ್ಲ ಅಜ್ಜಿ. ಬರೀ ಸಿಟ್ಟಿದ್ರೆ ಯಾರೂ ಹಾಗಿರಲ್ಲ."

ಕೆಸೋರ್ ಹೋದಳು. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಚಾಂಥೂ ಅಂಗಡಿಯ ಹಿಂದಿನ ತನ್ನ ಕೋಣೆಯ ಮುಂದೆ ಪಾತ್ರೆ ತೊಳೆಯುತ್ತಿದ್ದಳು. ಕೆಸೋರ್ ವಿದ್ಯಾರ್ಥಿವೇತನದ ವಿಷಯ ಹೇಳಿದಳು. ಹುಡುಗಿಯರಿಗೆ ವಸತಿಗೃಹದಲ್ಲಿ ಜಾಗವಿದೆ ಎಂದಳು. ಹುಡುಗಿಗೆ ಅಪ್ಪನ ತಲೆ ಬಂದಿದೆ ಎಂದಳು. ಕೊನೆಯದನ್ನು ಹೇಳಬಾರದಿತ್ತೆಂದು ಹೇಳಿದ ಮೇಲೆ ಅನಿಸಿತು.

ಚಾಂಥೂ ಪಾತ್ರೆ ಬೋರಲು ಹಾಕಿ ಎದ್ದಳು. "ಇವಳ ಅಪ್ಪ ದಡ್ಡ ಅಂತ ಎಲ್ರೂ ತಿಳ್ಕೊಂಡಿರೋ ತನಕ ಬದುಕಿದ್ದ" ಎಂದಳು. "ನನಗೆ ಆಸೆ ಇಲ್ಲ ಅಂದ್ಕೊಂಡಿದೀರಾ? ಇವಳು ಓದ್ತಾ ಕೂತಿದ್ರೆ ನಾನು ದೀಪ ಹಿಡ್ಕೊಂಡು ಪಕ್ಕದಲ್ಲಿ ಕೂತಿರ್ತೀನಿ. ಹೋದ ವಾರ ಟ್ಯಾಂಕು ಬಂದಾಗ ಇಬ್ರೂ ಮಂಚದ ಕೆಳಗಿದ್ವಿ. ಆಗ ನಾನು ಯೋಚಿಸಿದ್ದು ಒಂದೇ. ಇವರು ಗೆದ್ರೂ ಅವರು ಗೆದ್ರೂ ಮೊದಲು ಯಾರನ್ನ ಹುಡ್ಕೊಂಡು ಬರ್ತಾರೆ? ಹೊಲಿಗೆಯೋರನ್ನಂತೂ ಅಲ್ಲ."

"ಕಾಲ ಬೇರೆ ಆಗಿದೆ ಚಾಂಥೂ."

"ಆಗಿದ್ರೆ ಒಳ್ಳೇದು. ನಾನು ಓದಿದೋಳಲ್ಲ, ನನಗೆ ತಿಳಿಯಲ್ಲ. ನೀವು ಹೇಳಿ." ಚಾಂಥೂ ಒದ್ದೆ ಕೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡಳು. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಆ ಹಳೆಯ ಮಾತಿನಲ್ಲಿ ಕರೆದಳು. "ಅಕ್ಕೋರೇ, ಇವಳಿಗೆ ಏನೂ ಆಗಲ್ಲ ಅಂತ ಹೇಳಿ. ನೀವು ಹೇಳಿದ್ರೆ ನಾಳೆ ಕಳಿಸ್ತೀನಿ. ಕಾರ್ಖಾನೆಗೆ ಬೇಡ ಅಂತ ಹೇಳಿ ಬರ್ತೀನಿ."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಕೆಸೋರಳಿಗೆ ತಡೆಯಲಾಗದ್ದು. ಆ ಹೆಂಗಸು ಇಷ್ಟಾದ ಮೇಲೂ, ಅವಳು ಹೇಳಿದರೆ ನಂಬಲು ಸಿದ್ಧಳಾಗಿ ನಿಂತಿದ್ದಳು. ಮೊನೀಕಾ ಬಾಗಿಲ ಬಳಿ ಉಗುರು ಕಚ್ಚುತ್ತಿದ್ದಳು. ನಾಲ್ಕು ಶಬ್ದ ಹೇಳಿದರೆ ಆಗಿತ್ತು. ಅವು ನಿಜವಾಗಿಬಿಡುವ ಸಂಭವವೇ ಹೆಚ್ಚೆಂದೂ ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ಗೋಡೆಯಲ್ಲಿ ಹೋದ ವಾರದ ಗುಂಡಿನ ತೂತುಗಳಿಗೆ ಯಾರೋ ಸುಣ್ಣ ಮೆತ್ತಿದ್ದು ಇನ್ನೂ ಒಣಗಿರಲಿಲ್ಲ.

"ಹಾಗೆ ಹೇಳಕ್ಕೆ ನನ್ನಿಂದ ಆಗಲ್ಲ" ಎಂದಳು.

ಚಾಂಥೂ ತಲೆಯಾಡಿಸಿದಳು. "ಮುಂಚೆ ಹೇಳಿದ್ರಿ" ಎಂದಳು ಮೆಲ್ಲಗೆ. ಆಮೇಲೆ ಮತ್ತೆ ಕುಕ್ಕುರುಗಾಲಲ್ಲಿ ಕುಳಿತು ಉಳಿದ ಪಾತ್ರೆಗಳನ್ನು ಎಳೆದುಕೊಂಡಳು.

ಮೊನೀಕಾ ಒಳಗೆ ಹೋದಳು. ಅಳುವ ಸದ್ದು ಕೇಳಲಿಲ್ಲ. ರಸ್ತೆಯಲ್ಲಿ ಕಬ್ಬಿನಹಾಲಿನ ಗಾಡಿ ಗಂಟೆ ಬಾರಿಸುತ್ತ ಹೋಯಿತು. ಕೆಸೋರ್ ಕಾರಿಗೆ ಹೋದಳು.

ಆ ತಿಂಗಳ ಕೊನೆಗೆ ವಿಜ್ಞಾನ ಸಮಿತಿಯ ಸಭೆ ಇತ್ತು. ವಿಜ್ಞಾನಕ್ಕೆ ಹೆಣ್ಣುಮಕ್ಕಳು ಯಾಕೆ ಸೇರುತ್ತಿಲ್ಲ ಎಂಬುದು ಅಂದಿನ ವಿಷಯ. ವಿದೇಶದಿಂದ ಬಂದ ತಜ್ಞನೊಬ್ಬ, ತಾಯಂದಿರಲ್ಲಿ ಅರಿವಿನ ಕೊರತೆ ಇದೆ, ಅರಿವು 'ಮೂಡಿಸುವ' ಕಾರ್ಯಕ್ರಮ ಬೇಕು ಎಂದ. ಎಲ್ಲರೂ ಅಧ್ಯಕ್ಷೆಯ ಕಡೆ ನೋಡಿದರು. "ಅರಿವಿದೆ" ಎಂದಳು ಕೆಸೋರ್. ಮುಂದೆ ಏನಾದರೂ ಹೇಳುವಳೆಂದು ಅವರು ಕಾದರು. ಅವಳು ಮುಂದಿನ ವಿಷಯಕ್ಕೆ ಹೋಗೋಣ ಎಂದಳು.

ಬೆಳಗಿನ ಹೊತ್ತು ಕಾರ್ಖಾನೆಗಳಿಗೆ ಹುಡುಗಿಯರನ್ನು ತುಂಬಿಕೊಂಡು ಹೋಗುವ ಲಾರಿಗಳು ಪೊಚೆನ್‌ತಾಂಗ್ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಕೂರಲು ಜಾಗವಿಲ್ಲದೆ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿರುತ್ತಾರೆ. ಕೆಸೋರಳ ಕಾರು ಎಷ್ಟೋ ಸಲ ಅವುಗಳ ಹಿಂದೆ ಸಿಕ್ಕಿಕೊಳ್ಳುತ್ತಿತ್ತು. ಮೊನೀಕಾ ಇದ್ದಾಳೆಯೇ ಎಂದು ಅವಳು ಒಂದೊಂದೇ ಮುಖ ನೋಡುವಳು. ಮುಖದ ಅರ್ಧ ಧೂಳಿಗೆ ಕಟ್ಟಿಕೊಂಡ ಬಟ್ಟೆಯಲ್ಲಿ ಮುಚ್ಚಿರುತ್ತಿದ್ದುದರಿಂದ ಹುಬ್ಬು ಮಾತ್ರ ಕಾಣುತ್ತಿತ್ತು. ಡ್ರೈವರು ಹಾರ್ನ್ ಒತ್ತಲು ಹೋದರೆ, ಬೇಡ, ಹೋಗಲಿ ಅವರು, ಎನ್ನುತ್ತಿದ್ದಳು.